ಶಾಫ್ಟ್ ಸರಿ, ಸ್ಲೀವ್ ಮಾತ್ರ ಟೇಪರ್: ಲೇತಿನ ದೋಷ ಹುಡುಕಿದ ಬಗೆ

ಡಿಸೆಂಬರ್ ಕೊನೆಯ ವಾರ, ಅರೇಬಿಕಾ ಕೊಯ್ಲು ಜೋರಾಗಿದ್ದ ಹೊತ್ತು. ಮಾದಾಪುರ ಕಡೆಯ ಒಂದು ತೋಟದ ರೈಟರ್ (ಗುಮಾಸ್ತ) ಜೀಪಿನ ಹಿಂದೆ ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶಾಫ್ಟನ್ನೂ, ಎರಡು ದಿನ ಮೊದಲು ನಾನೇ ಮಾಡಿಕೊಟ್ಟಿದ್ದ ಸ್ಲೀವನ್ನೂ (ಶಾಫ್ಟಿನ ಮೇಲೆ ಕೂರುವ ಕೊಳವೆ) ಹಾಕಿಕೊಂಡು ಕೊಡಗಿನ ಸುಂಟಿಕೊಪ್ಪದ ನಮ್ಮ ವರ್ಕ್‌ಶಾಪಿಗೆ ಬಂದರು.

"ಅಣ್ಣಾ, ಈ ಕಡೆಯಿಂದ ಹಾಕಿದ್ರೆ ಮುಕ್ಕಾಲು ಹೋಗಿ ನಿಲ್ತದೆ. ತಿರುಗಿಸಿ ಹಾಕಿದ್ರೆ ಬಾಯಲ್ಲೇ ಹಿಡೀತದೆ. ಹಣ್ಣು ಕೊಯ್ದು ಆಗಿದೆ, ಸಂಜೆಯೊಳಗೆ ಪಲ್ಪ್ ಆಗ್ಬೇಕು."

ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ಹುಳಿಯಲು ಶುರುವಾಗುತ್ತದೆ. ಹಾಗಾಗಿ ಆ ಹೊತ್ತಿಗೆ ಶಾಸ್ತ್ರ ನೋಡುತ್ತ ಕೂರಲಿಲ್ಲ. ಬಿಗಿ ಇದ್ದ ಕಡೆಗೆ ಎಮರಿ ಪೇಪರ್ ತಿಕ್ಕಿ, ಶಾಫ್ಟ್ ಕೂತದ್ದನ್ನು ತೋರಿಸಿ ಕಳಿಸಿದೆ. ಅವರು ಖುಷಿಯಾಗಿಯೇ ಹೋದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಎಮರಿ ತಿಕ್ಕುವ ಮೊದಲು ಬೋರ್ (ಒಳಗಿನ ತೂತು) ಅಳೆದು ಬರೆದಿಟ್ಟಿದ್ದೆ: 180 ಮಿಲಿಮೀಟರ್ ಉದ್ದದ ಸ್ಲೀವ್, ಚಕ್ಕಿನಿಂದ (ಜಾಬನ್ನು, ಅಂದರೆ ತಿರುಗಿಸುವ ವಸ್ತುವನ್ನು, ಹಿಡಿಯುವ ಲೇತಿನ ಭಾಗ) ಹೊರಗಿದ್ದ ಬಾಯಲ್ಲಿ 45.020, ಚಕ್ಕಿನ ಕಡೆಯ ತುದಿಯಲ್ಲಿ 44.997. ಶಾಫ್ಟ್ 44.998. ಇಪ್ಪತ್ಮೂರು ಮೈಕ್ರಾನ್ ಟೇಪರ್: ಒಂದು ತುದಿ ಅಗಲ, ಇನ್ನೊಂದು ಕಿರಿದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 45ರ ಬೋರಿಗೆ ಎಚ್7 (ಅಳತೆ ಎಷ್ಟು ಹೆಚ್ಚಬಹುದು ಎನ್ನುವ ಮಿತಿ) ಕೊಡುವ ಜಾಗವೇ ಒಟ್ಟು 25 ಮೈಕ್ರಾನ್. ಆ ಜಾಗವನ್ನು ಲೇತ್ ಒಬ್ಬನೇ ತಿಂದು ಮುಗಿಸಿತ್ತು.

ಇನ್ನೂ ವಿಚಿತ್ರವೆಂದರೆ ಶಾಫ್ಟು. ಅದನ್ನೂ ಇದೇ ಲೇತಿನಲ್ಲಿ, ಅದೇ ವಾರ, ಒಂದು ತುದಿ ಚಕ್ಕಿಗೆ ಇನ್ನೊಂದು ತುದಿ ಟೇಲ್‌ಸ್ಟಾಕಿಗೆ (ಎದುರು ತುದಿಗೆ ಆಸರೆ ಕೊಡುವ ಭಾಗ) ಕೊಟ್ಟು ತಿರುಗಿಸಿದ್ದು. ಮುಕ್ಕಾಲು ಮೀಟರ್ ಉದ್ದಕ್ಕೂ ಅಳೆದರೆ ಒಂದು ಗೆರೆಯ ವ್ಯತ್ಯಾಸವೂ ಇಲ್ಲ. ಒಂದೇ ಲೇತ್ ಒಂದು ಕೆಲಸಕ್ಕೆ ಸಾಧು, ಇನ್ನೊಂದಕ್ಕೆ ಕಳ್ಳ. ಇದು ಹೇಗೆ ಎಂದು ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಸರಿಯಾದ ಕ್ರಮದಲ್ಲಿ ನೋಡಿದ್ದರೆ ಒಂದು ಮಧ್ಯಾಹ್ನ ಸಾಕಿತ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ, ನಾನು ಎಡವಿದ ಜಾಗಗಳ ಸಮೇತ. ಲೇತ್ ಯಾವ ಕಂಪನಿಯದು ಎನ್ನುವುದು ಬೇಡ, ತಪ್ಪು ಅದರದ್ದಾಗಿರಲಿಲ್ಲ.

ಮೊದಲು ಅಳತೆಯನ್ನೇ ಅನುಮಾನಿಸಿ

ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಕಬ್ಬಿಣವಾದದ್ದೆಲ್ಲ ಬೆವರುತ್ತದೆ. ಮೈಕ್ರೋಮೀಟರಿನ ಮುಖಕ್ಕೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿದರೂ ಐದು ಮೈಕ್ರಾನ್ ಹೋಯಿತು. ಹಾಗಾಗಿ ಸೊನ್ನೆ ನೋಡಿ, ಅಳತೆ ಗೊತ್ತಿರುವ ಸೆಟ್ಟಿಂಗ್ ರಾಡ್ ಇಟ್ಟು ನೋಡಿ. ಬೋರ್ ಗೇಜನ್ನು ಅದೇ ಮೈಕ್ರೋಮೀಟರಿಗೆ ಹೊಂದಿಸಿಕೊಳ್ಳಿ. ಟೇಪರ್ ಹುಡುಕುವಾಗ ಒಂದು ಅನುಕೂಲವಿದೆ: ನಮಗೆ ಬೇಕಾದದ್ದು ಎರಡು ಜಾಗಗಳ ವ್ಯತ್ಯಾಸ ಮಾತ್ರ. ಗೇಜ್ ಒಂದೇ ರೀತಿ ಸುಳ್ಳು ಹೇಳುತ್ತಿದ್ದರೆ ಆ ಸುಳ್ಳು ಎರಡೂ ಕಡೆ ಹೊಡೆದುಹೋಗುತ್ತದೆ.

ಬಿಸಿಯದು ಬೇರೆ ಕಥೆ. ಉಕ್ಕು ಮೀಟರಿಗೆ, ಪ್ರತಿ ಡಿಗ್ರಿಗೆ, ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಕಟಿಂಗ್ ಮುಗಿದ ಕೂಡಲೇ ಕೈಗೆ ಬಿಸಿ ತಟ್ಟುವ 45ರ ಜಾಬ್ ಕೋಣೆಗಿಂತ 30 ಡಿಗ್ರಿ ಹೆಚ್ಚಿದ್ದರೆ ತಣ್ಣಗಾದ ಮೇಲೆ ಹದಿನೈದು ಮೈಕ್ರಾನ್ ಕುಗ್ಗುತ್ತದೆ. ಎರಡು ತುದಿಗಳ ಬಿಸಿ ಬೇರೆಬೇರೆಯಾಗಿದ್ದರೆ, ಇಲ್ಲದ ಟೇಪರ್ ಕಾಣಿಸುತ್ತದೆ. ಪ್ರಪಂಚದ ಅಳತೆಗೆಲ್ಲ 20 ಡಿಗ್ರಿ ಆಧಾರ. ನಮ್ಮ ಡಿಸೆಂಬರಿನ ಬೆಳಿಗ್ಗೆ ಅದಕ್ಕಿಂತ ಎಷ್ಟೋ ಕೆಳಗೆ, ಮಧ್ಯಾಹ್ನ ಅದರ ಮೇಲೆ. ನಾನು ಮಾಡುವುದಿಷ್ಟೆ: ಕೊನೆಯ ಕಟ್ ಆದ ಮೇಲೆ ಜಾಬ್ ಬಿಚ್ಚದೆ ಒಂದು ಕಾಫಿ ಕುಡಿದು ಬಂದು ಅಳೆಯುತ್ತೇನೆ. ಸ್ಲೀವನ್ನು ಮರುದಿನ ಬೆಳಿಗ್ಗೆ ಮತ್ತೆ ಅಳೆದೆ. ಟೇಪರ್ ಅಲ್ಲೇ ಇತ್ತು.

ಆಕಾರ ನೋಡದೆ ಸ್ಪ್ಯಾನರ್ ಮುಟ್ಟಬೇಡಿ

ಟೇಪರ್ ಬಂತು ಎಂದ ಕೂಡಲೇ ಟೇಲ್‌ಸ್ಟಾಕಿನ ಪಕ್ಕದ ಸ್ಕ್ರೂಗೆ ಕೈ ಹಾಕುವವರು ನಮ್ಮಲ್ಲಿ ಮುಕ್ಕಾಲು ಪಾಲು. ಟೇಲ್‌ಸ್ಟಾಕನ್ನೇ ಬಳಸದ ಸ್ಲೀವಿಗೆ ಅದರಿಂದೇನಾಗಬೇಕು? ಆದರೂ ನಮ್ಮ ಹುಡುಗ ಮೊದಲು ಕೇಳಿದ್ದು ಅದನ್ನೇ.

ಕೆಟ್ಟ ಜಾಬ್ ತನ್ನ ಮೈಮೇಲೆ ದೂರನ್ನು ಬರೆದುಕೊಂಡೇ ಬರುತ್ತದೆ. ಎರಡು ತುದಿ ಮಾತ್ರ ಅಳೆದರೆ ಅದು ಓದಲು ಸಿಗುವುದಿಲ್ಲ; ಐದಾರು ಕಡೆ ಅಳೆಯಬೇಕು. ಎರಡು ಸೆಂಟರ್ (ತುದಿಗಳನ್ನು ಹಿಡಿಯುವ ಮೊನೆ) ನಡುವೆ ತಿರುಗಿಸಿದ ಉದ್ದ ಶಾಫ್ಟ್ ಮಧ್ಯದಲ್ಲಿ ದಪ್ಪ, ತುದಿಗಳಲ್ಲಿ ಸಣ್ಣ ಬಂದರೆ ಲೇತನ್ನು ಬೈಯಬೇಡಿ, ಶಾಫ್ಟ್ ಬಾಗಿದೆ. 45 ದಪ್ಪದ, ಒಂದು ಮೀಟರ್ ಚಿಲ್ಲರೆ ಉದ್ದದ ಸರಳಿನ ನಡುವೆ ಟೂಲ್ ಬರೀ ಐದು ಕಿಲೋ ಒತ್ತಿದರೂ ಅದು ಇಪ್ಪತ್ತೈದು ಮೂವತ್ತು ಮೈಕ್ರಾನ್ ಹಿಂದೆ ಸರಿಯುತ್ತದೆ, ಅಂದರೆ ವ್ಯಾಸದಲ್ಲಿ ಅದರ ಎರಡರಷ್ಟು. ಸ್ಟೆಡಿ (ನಡುವಿನ ಆಸರೆ) ಹಾಕಿ, ಟೂಲಿನ ಮೂಗು ಸಣ್ಣದು ಮಾಡಿ, ಅಷ್ಟೆ.

ಚಕ್ಕಿನ ಹತ್ತಿರದ ಒಂದೆರಡು ಗೇಣು ಮಾತ್ರ ದಪ್ಪ, ಆಮೇಲೆ ಸಮ ಎಂದಾದರೆ ಬೆಡ್ (ಲೇತಿನ ಉದ್ದನೆಯ ತಳ) ಸವೆದಿದೆ. ಎಲ್ಲರ ಕೆಲಸವೂ ಚಕ್ಕಿನ ಬುಡದಲ್ಲೇ ನಡೆಯುವುದರಿಂದ ಅಲ್ಲೇ ಸವೆತ ಹೆಚ್ಚು, ಅದರಲ್ಲೂ ಮುಂದಿನ ವಿ-ಹಳಿಯಲ್ಲಿ. ಮುಂದಿನ ಹಳಿ ತಗ್ಗಿದಾಗ ಸ್ಯಾಡಲ್ (ಟೂಲನ್ನು ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ನಮ್ಮ ಕಡೆಗೆ ವಾಲುತ್ತದೆ, ಟೂಲ್ ಜಾಬಿನಿಂದ ದೂರವಾಗುತ್ತದೆ, ಆ ಭಾಗ ದಪ್ಪ ಉಳಿಯುತ್ತದೆ. ಇದರ ಗೆರೆ ಬಳುಕಿದಂತಿರುತ್ತದೆ. ನೇರವಾದ ಟೇಪರ್ ಅಲ್ಲ.

ನನ್ನ ಸ್ಲೀವಿನದು ನೇರ. ಪ್ರತಿ 30 ಮಿಲಿಮೀಟರಿಗೆ ನಾಲ್ಕು ಮೈಕ್ರಾನ್, ಹೆಚ್ಚುಕಡಿಮೆ ಅಷ್ಟೇ.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. ಬೋರಿಂಗ್ ಬಾರ್ (ಒಳಗೆ ಕೊರೆಯುವ ಟೂಲಿನ ಸರಳು) ಸಣ್ಣದಾಯಿತು, ಅದು ಬಾಗುತ್ತಿದೆ ಎಂದುಕೊಂಡು ಕುಶಾಲನಗರಕ್ಕೆ ಹೋಗಿ ದಪ್ಪ ಬಾರ್ ತಂದೆ. ಇನ್ನೊಂದು ಸ್ಲೀವ್ ತಿರುಗಿಸಿದೆ. ಅದೇ ಟೇಪರ್. ಬಸ್ಸಿನಲ್ಲಿ ಬರುವಾಗ ಸ್ವಲ್ಪ ಯೋಚಿಸಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಬೋರಿಂಗ್ ಬಾರ್ ಟೂಲ್‌ಪೋಸ್ಟಿನಿಂದ ಎಷ್ಟು ಹೊರಗಿದೆಯೋ ಅಷ್ಟೇ ಹೊರಗಿದ್ದುಕೊಂಡು ಒಳಗೆ ಹೋಗುತ್ತದೆ. ಬಾಗಿದರೂ ಉದ್ದಕ್ಕೂ ಒಂದೇ ಸಮ ಬಾಗುತ್ತದೆ. ಅದರಿಂದ ಅಳತೆ ಸಣ್ಣದಾಗಬಹುದು, ಬಾಯಿ ಸ್ವಲ್ಪ ಅಗಲವಾಗಬಹುದು, ನೇರವಾದ ಟೇಪರ್ ಬರುವುದಿಲ್ಲ.

ಒಳಗೂ ಹೊರಗೂ ಒಟ್ಟಿಗೆ ಅಳೆಯಿರಿ

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಯಾರೂ ಹೇಳಿಕೊಟ್ಟದ್ದಲ್ಲ, ಎರಡನೇ ಸ್ಲೀವ್ ಕೆಟ್ಟ ಸಿಟ್ಟಿನಲ್ಲಿ ಸುಮ್ಮನೆ ಹೊರಮೈಯನ್ನೂ ಅಳೆದಾಗ ಕಂಡದ್ದು.

ಚಕ್ಕಿನಲ್ಲಿ ಒಂದೇ ಹಿಡಿತದಲ್ಲಿ ಹೊರಮೈ ತಿರುಗಿಸಿ, ಬೋರ್ ಸಹ ಮಾಡಿ. ಜಾಬ್ ಬಿಚ್ಚದೆ ಎರಡನ್ನೂ ಎರಡು ತುದಿಯಲ್ಲಿ ಅಳೆಯಿರಿ. ಹೊರಗಿನ ಟೂಲ್ ಜಾಬನ್ನು ನಮ್ಮಿಂದ ಆಚೆಗೆ ದೂಡುತ್ತದೆ. ಜಾಬ್ ಬಾಗುವಂಥದ್ದಾದರೆ ಬಿಟ್ಟ ತುದಿ ಹೆಚ್ಚು ಬಾಗಿ, ಅಲ್ಲಿ ಕಟ್ ಕಡಿಮೆಯಾಗಿ, ಹೊರ ವ್ಯಾಸ ದೊಡ್ಡದು ಉಳಿಯುತ್ತದೆ. ಬೋರಿಂಗ್ ಟೂಲ್ ನಮ್ಮ ಕಡೆಯ ಒಳಗೋಡೆಯನ್ನು ಕೊರೆಯುವಾಗ ಜಾಬನ್ನು ನಮ್ಮತ್ತ ದೂಡುತ್ತದೆ. ಅಲ್ಲಿಯೂ ಕಟ್ ಕಡಿಮೆ, ಹಾಗಾಗಿ ಬಿಟ್ಟ ತುದಿಯಲ್ಲಿ ಬೋರ್ ಸಣ್ಣದು ಉಳಿಯುತ್ತದೆ. ಅಂದರೆ ಬಾಗುವಿಕೆಯ ದೋಷದಲ್ಲಿ ಹೊರಮೈ ದೊಡ್ಡದು, ಬೋರ್ ಸಣ್ಣದು, ಎರಡೂ ಎದುರುಬದುರು.

ಲೇತಿನ ಜೋಡಣೆಯೇ ಓರೆಯಾಗಿದ್ದರೆ ಹಾಗಲ್ಲ. ಟೂಲ್ ಹೋಗುವ ದಾರಿ ಸ್ಪಿಂಡಲಿನ (ಚಕ್ಕನ್ನು ತಿರುಗಿಸುವ ದಂಡ) ಅಕ್ಷಕ್ಕೆ ಸಮಾಂತರವಾಗಿಲ್ಲ. ಟೇಲ್‌ಸ್ಟಾಕ್ ಕಡೆ ಹೋದಂತೆ ನಮ್ಮತ್ತ ಸರಿಯುತ್ತಿದೆ ಎಂದುಕೊಳ್ಳಿ. ಹೊರಗಿನ ಟೂಲ್ ಜಾಬಿನಿಂದ ದೂರವಾಗಿ ಹೊರ ವ್ಯಾಸ ದೊಡ್ಡದಾಗುತ್ತದೆ. ಒಳಗಿನ ಟೂಲ್ ಗೋಡೆಯೊಳಕ್ಕೆ ಹೆಚ್ಚು ಹೊಕ್ಕು ಬೋರೂ ದೊಡ್ಡದಾಗುತ್ತದೆ. ಎರಡೂ ಒಂದೇ ದಿಕ್ಕಿಗೆ.

ನನ್ನದು ಹೊರಗೆ 70.002ರಿಂದ 70.026, ಒಳಗೆ 23 ಮೈಕ್ರಾನ್, ಎರಡೂ ಬಿಟ್ಟ ತುದಿಯಲ್ಲಿ ದೊಡ್ಡದು. ಟೂಲ್, ಬಾರ್, ಫೀಡ್, ಜಾಬಿನ ಬಲ ಎಲ್ಲವೂ ಅಲ್ಲಿಗೆ ಬಿಡುಗಡೆ. ಓರೆ ಇರುವುದು ಲೇತಿನಲ್ಲೇ.

ಸ್ಲೀವ್ ಹಾಳುಮಾಡಲು ಮನಸ್ಸಿಲ್ಲದವರಿಗೆ ಹಳೆಯ ಎರಡು ಉಂಗುರದ ಪರೀಕ್ಷೆ ಇದೆ. 50 ದಪ್ಪದ ಸರಳನ್ನು 200 ಮಿಲಿಮೀಟರ್ ಹೊರಗಿಟ್ಟು ಚಕ್ಕಿನಲ್ಲಿ ಹಿಡಿಯಿರಿ, ಟೇಲ್‌ಸ್ಟಾಕ್ ಬೇಡ. ನಡುವೆ ತಗ್ಗಿಸಿ ಎರಡು ತುದಿಗೆ ಉಂಗುರದಂತೆ ಉಬ್ಬು ಬಿಡಿ. ಹರಿತವಾದ ಟೂಲಿನಿಂದ, ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ, ಎರಡರ ಮೇಲೂ ಒಂದೇ ಹಗುರ ಕಟ್ ಎಳೆದು ಅಳೆಯಿರಿ. ಸರಳು ಚಕ್ಕಿನಲ್ಲಿ ಓಲಾಡಿದರೂ ಚಿಂತೆಯಿಲ್ಲ, ಕಟ್ ಆದ ಮೇಲೆ ಅದು ಸ್ಪಿಂಡಲಿನ ಅಕ್ಷಕ್ಕೇ ಬರುತ್ತದೆ. ಆದರೆ ಮೂಲೆಯಲ್ಲಿ ಬಿದ್ದ 25ರ ಸರಳು ತಂದು ಮಾಡಬೇಡಿ. ದಪ್ಪ ಅರ್ಧವಾದರೆ ಬಾಗುವುದು ಹದಿನಾರು ಪಟ್ಟು; ಆಗ ಅಳೆಯುತ್ತಿರುವುದು ಲೇತನ್ನೋ ಸರಳನ್ನೋ ತಿಳಿಯುವುದಿಲ್ಲ. ನನಗೆ ಈ ಪರೀಕ್ಷೆಯಲ್ಲಿ 27 ಮೈಕ್ರಾನ್ ಬಂತು, ಸ್ಲೀವಿನ ಲೆಕ್ಕಕ್ಕೆ ಹೊಂದುವಂತೆ.

ಹೆಡ್‌ಸ್ಟಾಕ್ ಬಿಚ್ಚುವ ಮೊದಲು

ಇನ್ನು ಉಳಿದದ್ದು ಎರಡೇ ಎಂದುಕೊಂಡೆ: ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಪೆಟ್ಟಿಗೆ) ಓರೆ ಕೂತಿದೆ, ಇಲ್ಲವೇ ಸ್ಪಿಂಡಲ್ ಬೇರಿಂಗ್ ಹೋಗಿದೆ. ಬೇರಿಂಗಿನ ಬೆಲೆ ವಿಚಾರಿಸಿ ರಾತ್ರಿ ನಿದ್ದೆ ಬರಲಿಲ್ಲ. ಇದು ಎರಡನೇ ತಪ್ಪು. ಬೇರಿಂಗ್ ಸಡಿಲವಾದರೆ ಜಾಬ್ ದುಂಡಗೆ ಬರುವುದಿಲ್ಲ, ಕಟ್ಟಿನಲ್ಲಿ ನಡುಕ ಬರುತ್ತದೆ, ಮೈ ಒರಟಾಗುತ್ತದೆ. ನೇರವಾದ, ನುಣುಪಾದ, ದಿನಾ ಒಂದೇ ಅಳತೆಯ ಟೇಪರ್ ಕೊಡುವ ಶಿಸ್ತು ಸಡಿಲ ಬೇರಿಂಗಿಗೆ ಇಲ್ಲ.

ದುಂಡಗೆ ಎಂದೆನಲ್ಲ, ಒಂದು ಎಚ್ಚರಿಕೆ. ಮೂರು ಜಾ ಚಕ್ಕಿನಲ್ಲಿ ತೆಳು ಸ್ಲೀವನ್ನು ಬಿಗಿಯಾಗಿ ಹಿಡಿದು ಬೋರ್ ಮಾಡಿ ಬಿಚ್ಚಿದರೆ ಅದು ಮೂರು ಮೂಲೆಯಾಗಿ ಹಿಗ್ಗುತ್ತದೆ. ಮೈಕ್ರೋಮೀಟರ್ ಎರಡು ಎದುರುಬದುರು ಬಿಂದುಗಳನ್ನಷ್ಟೇ ನೋಡುವುದರಿಂದ ಎಲ್ಲಿ ಅಳೆದರೂ ಒಂದೇ ಅಳತೆ ತೋರಿಸುತ್ತದೆ. ಶಾಫ್ಟ್ ಮಾತ್ರ ಒಳಗೆ ಹೋಗುವುದಿಲ್ಲ. ವಿ-ಬ್ಲಾಕಿನಲ್ಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಗುಟ್ಟು ಹೊರಬೀಳುತ್ತದೆ.

ಹೆಡ್‌ಸ್ಟಾಕ್ ಕವಚದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಂತಿದ್ದಾಗ ಹುಡುಗ ಕೇಳಿದ, "ಅಣ್ಣಾ, ಹೆಡ್‌ಸ್ಟಾಕ್ ಓರೆ ಇದ್ರೆ ಶಾಫ್ಟ್ ಯಾಕೆ ಸರಿ ಬಂತು?" ಟೇಲ್‌ಸ್ಟಾಕಿಗೆ ಕೊಟ್ಟ ಜಾಬಿನಲ್ಲಿ ಅಕ್ಷವನ್ನು ನಿರ್ಧರಿಸುವುದು ಎರಡು ತುದಿಗಳ ಹಿಡಿತ, ಹಾಗಾಗಿ ಹೆಡ್‌ಸ್ಟಾಕಿನ ಓರೆ ಮುಚ್ಚಿಹೋಗಬಹುದು ಎಂದು ಉತ್ತರಿಸಿದೆ. ಉತ್ತರ ತಪ್ಪಲ್ಲ. ಆದರೆ ಅದೇ ಉತ್ತರ ಇನ್ನೊಂದು ಕಾರಣಕ್ಕೂ ಒಪ್ಪುತ್ತದೆ ಎಂದು ಆಗ ಹೊಳೆಯಿತು. ಬೆಡ್ಡೇ ತಿರುಚಿದ್ದರೆ?

ಒದ್ದೆ ಬಟ್ಟೆ ಹಿಂಡುವ ಹಾಗೆ ಬೆಡ್ಡಿನ ಒಂದು ತುದಿ ಸ್ವಲ್ಪ ತಿರುಗಿದೆ ಎಂದುಕೊಳ್ಳಿ. ಸ್ಯಾಡಲ್ ಆ ತುದಿಗೆ ಹೋದಂತೆ ನಮ್ಮ ಕಡೆ ವಾಲುತ್ತದೆ. ಟೇಲ್‌ಸ್ಟಾಕೂ ಅದೇ ಬೆಡ್ಡಿನ ಮೇಲೆ ಕೂತಿದೆ, ಅದೂ ಅಷ್ಟೇ ವಾಲುತ್ತದೆ. ಟೂಲ್ ಎಷ್ಟು ಸರಿಯಿತೋ ಸೆಂಟರೂ ಹೆಚ್ಚುಕಡಿಮೆ ಅಷ್ಟೇ ಸರಿದು ಶಾಫ್ಟನ್ನು ಜೊತೆಗೇ ಕರೆದೊಯ್ಯುತ್ತದೆ. ಹಾಗಾಗಿ ಶಾಫ್ಟ್ ಸಮ. ಚಕ್ಕಿನಲ್ಲಿ ಒಂಟಿಯಾಗಿ ನಿಂತ ಸ್ಲೀವಿಗೆ ಆ ಜೊತೆ ಇಲ್ಲ.

ಟೇಲ್‌ಸ್ಟಾಕ್ ಮಾತ್ರ ಓರೆಯಾದ ಲೇತಿನಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಚಕ್ಕಿನ ಕೆಲಸ ಸರಿ, ಸೆಂಟರಿನ ಕೆಲಸ ಟೇಪರ್. ಅದೂ ಉದ್ದ ಎಷ್ಟೇ ಇರಲಿ ತುದಿಯಿಂದ ತುದಿಗೆ ಅದೇ ವ್ಯತ್ಯಾಸ, ಓರೆಯ ಎರಡರಷ್ಟು. ಹಾಗಾಗಿ ಗಿಡ್ಡ ಶಾಫ್ಟಿನಲ್ಲಿ ಟೇಪರ್ ಕಡಿದಾಗಿ ಕಾಣುತ್ತದೆ, ಉದ್ದದ್ದರಲ್ಲಿ ಹರಡಿಹೋಗುತ್ತದೆ.

ರಸಮಟ್ಟ

ಹೆಡ್‌ಸ್ಟಾಕ್ ಓರೆಯೋ ಬೆಡ್ ತಿರುಚಿದೆಯೋ ಎಂದು ಹೇಳಬಲ್ಲದ್ದು ರಸಮಟ್ಟ (ಲೆವೆಲ್) ಒಂದೇ. ಗಾರೆ ಮೇಸ್ತ್ರಿಯದ್ದಲ್ಲ, ಮೀಟರಿಗೆ 0.02 ಮಿಲಿಮೀಟರ್ ಓರೆಯಾದರೆ ಗುಳ್ಳೆ ಒಂದು ಗೆರೆ ಸರಿಯುವಂಥದ್ದು. ಕೂಡ್ಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಫಿ ಕ್ಯೂರಿಂಗ್ ಯಂತ್ರಗಳ ಕೆಲಸ ಮಾಡುವ ಗೆಳೆಯನೊಬ್ಬನ ಹತ್ತಿರ ಇತ್ತು, ತಂದೆ. ಅದನ್ನು ಬಗಲಲ್ಲಿ ಬಿಸಿ ಮಾಡಿಕೊಂಡು ತಂದು ಕೂಡಲೇ ಇಟ್ಟರೆ ಗುಳ್ಳೆ ಹುಚ್ಚುಚ್ಚಾಗಿ ಆಡುತ್ತದೆ. ಲೇತಿನ ಮೇಲೆ ಅರ್ಧ ಗಂಟೆ ಬಿಡಿ.

ಕ್ರಾಸ್ ಸ್ಲೈಡ್ ಮೇಲೆ ಅಡ್ಡಕ್ಕೆ ಇಟ್ಟೆ. ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು ಓದಿದೆ. ಲೆವೆಲನ್ನು ಎತ್ತದೆ, ತಿರುಗಿಸದೆ ಸ್ಯಾಡಲನ್ನು ಒಂದು ಮೀಟರ್ ಸರಿಸಿ ಮತ್ತೆ ಓದಿದೆ. ಲೇತ್ ನೆಲಕ್ಕೆ ಮಟ್ಟವಾಗಿರಲೇಬೇಕು ಎಂದೇನಿಲ್ಲ. ಹಡಗಿನಲ್ಲಿರುವ ಲೇತೂ ಕೆಲಸ ಮಾಡುತ್ತದೆ. ಎರಡು ತುದಿಯ ಓದು ಒಂದೇ ಇರಬೇಕು, ಅಷ್ಟೆ.

ನನ್ನದರಲ್ಲಿ ಗುಳ್ಳೆ ಗಾಜಿನ ಕೊನೆಗೆ ಓಡಿ ಅಂಟಿಕೊಂಡಿತು. ಎಷ್ಟು ಗೆರೆ ಎಂದು ಎಣಿಸಲೂ ಆಗದು. ಅಂಥ ಹೊತ್ತಿಗೆ ಒಂದು ಉಪಾಯ: 200 ಮಿಲಿಮೀಟರ್ ಉದ್ದದ ಲೆವೆಲಿನ ಒಂದು ತುದಿಯಡಿ 0.05ರ ಫೀಲರ್ ಹಾಳೆ ತೂರಿಸಿ. ಅದು ಮೀಟರಿಗೆ 0.25 ಓರೆಗೆ ಸಮ. ಹಾಳೆ ಇಟ್ಟಾಗ ಗುಳ್ಳೆ ವಾಪಸು ಬಂದು ಇನ್ನೂ ಎರಡೂವರೆ ಗೆರೆ ಬಾಕಿ ಉಳಿಯಿತು. ಒಟ್ಟು 0.30. ಟೇಲ್‌ಸ್ಟಾಕ್ ತುದಿಯಲ್ಲಿ ನಮ್ಮ ಕಡೆ ತಗ್ಗು.

ಈಗ ಲೆಕ್ಕ. ಬೆಡ್ಡಿನಿಂದ ಟೂಲಿನ ಮೊನೆಗೆ ಎತ್ತರ 220 ಮಿಲಿಮೀಟರ್. ಮೀಟರಿಗೆ 0.30 ವಾಲಿದರೆ ಆ ಎತ್ತರದಲ್ಲಿ ಮೊನೆ 0.066 ಸರಿಯುತ್ತದೆ. ವ್ಯಾಸದಲ್ಲಿ 0.132, ಒಂದು ಮೀಟರ್ ಉದ್ದಕ್ಕೆ. 180ರ ಸ್ಲೀವಿಗೆ ಬರುವುದು 0.024. ನಾನು ಅಳೆದದ್ದು ಒಳಗೆ 23, ಹೊರಗೆ 24 ಮೈಕ್ರಾನ್. ಕಾಗದದ ಮೇಲೆ ಆ ಅಂಕಿ ಬಂದಾಗ ಹುಡುಗನನ್ನು ಕರೆದು ತೋರಿಸಿದೆ. ಅವನು, "ಹಾಗಾದ್ರೆ ಬೋರಿಂಗ್ ಬಾರ್ ವಾಪಸ್ ಕೊಡ್ಬಹುದಾ?" ಅಂದ.

ಬೆಡ್ ವಾಲಿದ್ದಕ್ಕೇ ಇಷ್ಟು ಗದ್ದಲ, ಹಾಗಾದರೆ ಬೆಡ್ ತಗ್ಗಿದರೆ? ಇಲ್ಲಿ ಲೇತ್ ದಯಾಳು. ಟೂಲ್ ಅಡ್ಡಕ್ಕೆ ಸರಿದದ್ದು ನೇರವಾಗಿ, ಅದೂ ಎರಡರಷ್ಟಾಗಿ ವ್ಯಾಸಕ್ಕೆ ಬರುತ್ತದೆ. ಕೆಳಕ್ಕೆ ಇಳಿದದ್ದು ಬರುವುದೇ ಇಲ್ಲ ಎನ್ನಬಹುದು: 45ರ ಜಾಬಿನಲ್ಲಿ ಟೂಲ್ 0.1 ಮಿಲಿಮೀಟರ್ ಇಳಿದರೂ ವ್ಯಾಸ ಬದಲಾಗುವುದು ಅರ್ಧ ಮೈಕ್ರಾನಿಗಿಂತ ಕಡಿಮೆ. ಯಾವ ದೋಷ ಯಾವ ದಿಕ್ಕಿನಲ್ಲಿದೆ ಎಂದು ನೋಡದೆ ಎಲ್ಲವನ್ನೂ ಸರಿಮಾಡಲು ಹೊರಟರೆ ಸೀಸನ್ನೇ ಮುಗಿದುಹೋಗುತ್ತದೆ. ಮೂರು ಅಕ್ಷದ ಮಿಲ್ಲಿಂಗ್ ಯಂತ್ರಕ್ಕೆ ಇಂಥ ಜ್ಯಾಮಿತಿ ದೋಷಗಳು ಲೆಕ್ಕಕ್ಕೆ 21. ಪ್ರತಿ ಅಕ್ಷಕ್ಕೆ ಆರು, ಜೊತೆಗೆ ಅಕ್ಷಗಳ ನಡುವಿನ ಮೂರು ಲಂಬದೋಷ. ಲೇತಿನವರು ಪುಣ್ಯವಂತರು. ಯಂತ್ರವನ್ನು ಕೊಳ್ಳುವ ಮೊದಲು ಹೀಗೆ ಡಯಲ್, ಲೆವೆಲ್ ಇಟ್ಟು ಒಂದೊಂದೇ ಪರೀಕ್ಷೆ ಮಾಡುವ ಪಟ್ಟಿಯನ್ನು ಬರ್ಲಿನ್ನಿನ ಪ್ರೊಫೆಸರ್ ಜಾರ್ಜ್ ಷ್ಲೆಸಿಂಗರ್ 1927ರಲ್ಲಿ ಹೊರತಂದರು. ಇವತ್ತಿನ ಐಎಸ್‌ಒ 230 ಮಾನದಂಡದ ಹಿಂದೆಯೂ ಆ ಪಟ್ಟಿಯ ನೆರಳಿದೆ. ಹೊಸ ಲೇತಿನ ಜೊತೆ ಬರುವ ಪರೀಕ್ಷಾ ಪತ್ರವನ್ನು ನಾವು ದೇವರ ಫೋಟೋದ ಪಕ್ಕ ನೇತುಹಾಕುತ್ತೇವೆ, ಓದುವುದಿಲ್ಲ.

ನಟ್ ಸಡಿಲಿಸಿ ನೋಡಿ

ಒಂದು ತೊಡಕು ಉಳಿದಿತ್ತು. ಸ್ಯಾಡಲ್ ಮೇಲಿಟ್ಟ ಲೆವೆಲ್ ಹೇಳುವುದು ಸ್ಯಾಡಲ್ ವಾಲಿದೆ ಎಂದಷ್ಟೆ. ಬೆಡ್ ತಿರುಚಿ ವಾಲಿತೋ, ಸವೆದು ವಾಲಿತೋ ಅದಕ್ಕೆ ಗೊತ್ತಿಲ್ಲ. ಬೇರ್ಪಡಿಸುವುದು ಸುಲಭ. ಲೆವೆಲನ್ನು ಟೇಲ್‌ಸ್ಟಾಕ್ ತುದಿಯಲ್ಲಿಟ್ಟು, ಗುಳ್ಳೆಯ ಮೇಲೆ ಒಬ್ಬರು ಕಣ್ಣಿಟ್ಟಿರಲಿ. ಇನ್ನೊಬ್ಬರು ಆ ತುದಿಯ ಪಾದಗಳನ್ನು ನೆಲಕ್ಕೆ ಬಿಗಿದ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಲಿ. ಸವೆತ ನಟ್ಟಿಗೆ ಹೆದರುವುದಿಲ್ಲ, ಗುಳ್ಳೆ ಅಲ್ಲಾಡದು. ತಿರುಚು ಇದ್ದರೆ ಗುಳ್ಳೆ ಓಡುತ್ತದೆ.

ಹಿಂದಿನ ಪಾದದ ನಟ್ ಸಡಿಲಿಸಿದಾಗ ಏನೂ ಆಗಲಿಲ್ಲ. ಮುಂದಿನದಕ್ಕೆ ಸ್ಪ್ಯಾನರ್ ಹಾಕಿ ಎಳೆದೆ. "ಓಡ್ತು, ಓಡ್ತು" ಎಂದು ಹುಡುಗ ಕೂಗಿದ. 0.30 ಇದ್ದದ್ದು 0.10ಕ್ಕೆ ಇಳಿಯಿತು. ಪಾದ ತಾನಾಗಿ ಮೇಲೆದ್ದು ಅದರಡಿ 0.2ರ ಹಾಳೆ ಸಲೀಸಾಗಿ ಹೊಕ್ಕಿತು. ಅಂದರೆ ನೆಲ ಕುಸಿದಿದೆ. ಬೋಲ್ಟ್ ಪಾದವನ್ನು ಹಿಡಿದುಕೊಂಡೇ ಕುಸಿದಿದೆ. ಬೆಡ್ಡಿನ ಆ ಮೂಲೆ ಅದರ ಜೊತೆ ಕೆಳಕ್ಕೆ ಎಳೆಯಲ್ಪಟ್ಟಿದೆ.

ನೆಲವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಚಕ್ಕಿನ ಕಡೆ ಗಟ್ಟಿ ಸದ್ದು, ಆ ಮೂಲೆಯಲ್ಲಿ ಟೊಳ್ಳು. ಬೆಳಕು ಬೆನ್ನಿಗೆ ಬರಲಿ ಎಂದು ನಾನು ನಿಲ್ಲುವ ಬದಿಗೇ ಹೊರಗೋಡೆ, ಕಿಟಕಿ ಬರುವಂತೆ ಲೇತ್ ಕೂರಿಸಿದ್ದೆ. ಹೊರಗೆ ಹೋಗಿ ನೋಡಿದರೆ ಸೂರಿನ ತಗಡಿನ ದೋಣಿ ಆ ಮೂಲೆಯಲ್ಲಿ ಜೋತುಬಿದ್ದು, ಇಡೀ ಮಳೆಗಾಲ ಚಾವಣಿಯ ನೀರೆಲ್ಲ ಗೋಡೆಯ ಬುಡಕ್ಕೇ ಸುರಿದಿದೆ. ಕಾಂಕ್ರೀಟ್ ನಾಲ್ಕೇ ಇಂಚು. ಅದರಡಿ ತುಂಬಿಸಿದ ಮಣ್ಣು ಎಷ್ಟೋ ಜಾಗ ಖಾಲಿ. ಗುಡ್ಡಗಳೇ ಕುಸಿದ 2018ರ ಆಗಸ್ಟ್ ಕಂಡ ನಮಗೆ ನೀರು ಕುಡಿದ ಮಣ್ಣಿನ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಆ ಮೂಲೆ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಟೋಬರಿನಲ್ಲಿ ಆಯುಧಪೂಜೆಗೆ ಇದೇ ಲೇತನ್ನು ತೊಳೆದು, ಒರೆಸಿ, ಹೂ ಹಾಕಿ, ಕುಂಬಳಕಾಯಿ ಒಡೆದಿದ್ದೆವು. ಅದೇ ಪಾದದ ಮೇಲೆ ನಿಂಬೆಹಣ್ಣನ್ನೂ ಇಟ್ಟಿದ್ದೆ.

ಕೂರಿಸಿದ ಬಗೆ

ಪಾದದಡಿಗೆ ಹಾಕುವುದು ಉಕ್ಕಿನ ಅಥವಾ ಹಿತ್ತಾಳೆಯ ಶಿಮ್ಮೇ (ತೆಳು ತಗಡು) ಆಗಿರಲಿ. ಟ್ಯೂಬಿನ ರಬ್ಬರು, ಮಡಚಿದ ಕ್ಯಾಲೆಂಡರ್ ಹಾಳೆ, ಸಿಲ್ವರ್ ಓಕಿನ ಚಕ್ಕೆ ಎಲ್ಲವನ್ನೂ ನಮ್ಮ ಊರಿನ ಲೇತುಗಳಡಿ ಕಂಡಿದ್ದೇನೆ. ತೇವ ಹೀರಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ, ಅವು ತಿಂಗಳಿಗೊಂದು ಹೊಸ ದೋಷ ಹುಟ್ಟಿಸುತ್ತವೆ.

ಸಡಿಲ ಬಿಟ್ಟಾಗ ಉಳಿದ 0.10 ಬೆಡ್ಡಿನ ಸ್ವಂತ ತೂಕದ್ದು. ಮೂಲೆಗೆ ಆಸರೆ ಇಲ್ಲದೆ ಜೋತಿದೆ. ಹಾಗಾಗಿ 0.2ರ ಸಂದು ತುಂಬಿದರೆ ಸಾಲದು, ಇನ್ನಷ್ಟು ಎತ್ತಬೇಕು. ನಾನು 0.3ರಿಂದ ಶುರುಮಾಡಿ ಗುಳ್ಳೆ ನೋಡುತ್ತ ಏರಿಸಿದೆ. ನಟ್ಟನ್ನು ಒಮ್ಮೆಲೇ ಬಿಗಿಯಬೇಡಿ. ಕಾಲು ಸುತ್ತು, ಗುಳ್ಳೆ. ಮತ್ತೆ ಕಾಲು ಸುತ್ತು, ಗುಳ್ಳೆ. ಬಿಗಿಯುವಾಗ ಗುಳ್ಳೆ ಅರ್ಧ ಗೆರೆಗಿಂತ ಹೆಚ್ಚು ಓಡಿದರೆ ಶಿಮ್ ಸರಿಯಾಗಿ ಕೂತಿಲ್ಲ, ಪಾದದಡಿ ಇನ್ನೂ ಟೊಳ್ಳಿದೆ. ಮುಗಿದ ಮೇಲೆ ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದೆ. ಒಂದು ಗೆರೆ ಇಳಿದಿತ್ತು. ಇನ್ನೊಂದು ತೆಳು ಹಾಳೆ ಸೇರಿಸಿದೆ. ಮೂರನೇ ದಿನ ಎರಡು ತುದಿಯ ವ್ಯತ್ಯಾಸ ಅರ್ಧ ಗೆರೆಗೆ ನಿಂತಿತು.

ಆಮೇಲೆಯೇ ಮತ್ತೆ ಎರಡು ಉಂಗುರದ ಪರೀಕ್ಷೆ. 200 ಮಿಲಿಮೀಟರಿಗೆ ಎರಡು ಮೈಕ್ರಾನ್. ಬೆಡ್ ಸರಿಯಾದ ಮೇಲೂ ಇಲ್ಲಿ ಹತ್ತು ಹದಿನೈದು ಉಳಿದಿದ್ದರೆ ಆಗ ಹೆಡ್‌ಸ್ಟಾಕಿನ ಮೇಲೆ ಕೈ ಹಾಕಬಹುದಿತ್ತು, ಅದಕ್ಕಿಂತ ಮೊದಲಲ್ಲ. ತಿರುಚಿದ ಬೆಡ್ಡಿಗೆ ಹೊಂದುವಂತೆ ಹೆಡ್‌ಸ್ಟಾಕ್ ಸರಿಸಿದವರು, ಬೆಡ್ ನೆಟ್ಟಗಾದ ದಿನ ಅದನ್ನೂ ವಾಪಸು ಸರಿಸಬೇಕಾಗುತ್ತದೆ.

ಟೇಲ್‌ಸ್ಟಾಕನ್ನು ಕೊನೆಗೆ ನೋಡಬೇಕು. ಎರಡು ಸೆಂಟರಿನ ನಡುವೆ ಒಂದು ಸರಳು ತಿರುಗಿಸಿ, ಎರಡು ತುದಿ ಅಳೆದು, ವ್ಯತ್ಯಾಸದ ಅರ್ಧದಷ್ಟು ಸೆಂಟರ್ ಸರಿಸಿ. ಟೇಲ್‌ಸ್ಟಾಕಿನ ಕಡೆ ದಪ್ಪವಿದ್ದರೆ ನಮ್ಮತ್ತ, ಸಣ್ಣದಿದ್ದರೆ ಆಚೆಗೆ. ನನ್ನದರಲ್ಲಿ ಎಂಟು ಮೈಕ್ರಾನ್ ವ್ಯತ್ಯಾಸ ಬಂತು. ಬೆಡ್ ತಿರುಚಿದ್ದಾಗ ಸರಿ ಎನಿಸಿದ್ದು ಈಗ ಅದರ ಅರ್ಧದಷ್ಟು ಓರೆ. ಫೇಸಿಂಗನ್ನೂ (ಜಾಬಿನ ಮುಖ ಮಟ್ಟ ಮಾಡುವ ಕೆಲಸ) ಒಮ್ಮೆ ನೋಡಿಕೊಂಡೆ: ದೊಡ್ಡ ಫ್ಲಾಂಜಿನ ಮುಖಕ್ಕೆ ಸ್ಟ್ರೈಟ್ ಎಡ್ಜ್ ಇಟ್ಟರೆ ನಡುವೆ ಕೂದಲೆಳೆ ಬೆಳಕು ಕಾಣಬಹುದು, ನಡುವೆ ಉಬ್ಬಿ ಮಾತ್ರ ಇರಕೂಡದು. ಉಬ್ಬಿದ ಮುಖ ಯಾವುದರ ಮೇಲೂ ಸ್ಥಿರವಾಗಿ ಕೂರುವುದಿಲ್ಲ.

ತೋಟಕ್ಕೆ ಹೊಸ ಸ್ಲೀವ್ ಮಾಡಿ ನಾನೇ ತೆಗೆದುಕೊಂಡು ಹೋದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಪಲ್ಪರ್ ಶೆಡ್ಡಿನಲ್ಲಿ ರೈಟರ್ ಅದನ್ನು ಎರಡೂ ಕಡೆಯಿಂದ ಶಾಫ್ಟಿಗೆ ತೂರಿಸಿ ನೋಡಿ, "ಮೊದ್ಲೇ ಹೀಗೆ ಮಾಡ್ಬಹುದಿತ್ತಲ್ಲ ಅಣ್ಣಾ" ಅಂದರು. ಕೊಟ್ಟ ಕಾಫಿ ಕುಡಿದು ಬಂದೆ.

ದೋಣಿ ರಿಪೇರಿಯಾಗಿದೆ, ಗೋಡೆಯ ಬುಡಕ್ಕೆ ಚರಂಡಿ ಬಂದಿದೆ. ಮೂಲೆಯ ಕಾಂಕ್ರೀಟ್ ಒಡೆದು ಹೊಸದು ಹಾಕಲು ಏಪ್ರಿಲ್ ತನಕ ಕಾದೆ, ರೊಬಸ್ಟಾ ಮುಗಿಯದೆ ಲೇತ್ ನಿಲ್ಲಿಸುವಂತಿರಲಿಲ್ಲ. ಗೆಳೆಯನ ಲೆವೆಲ್ ವಾಪಸು ಹೋಗಿ ನನ್ನದೇ ಒಂದು ಬಂದಿದೆ. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಕೆಲಸ ಶುರುವಾಗುವ ಮೊದಲು ಎರಡು ತುದಿಯ ಓದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಹುಡುಗನ ಕೆಲಸ. ಮೇ: ಅರ್ಧ. ಜೂನ್: ಅರ್ಧ. ಜುಲೈ: ಒಂದು. ಮೊನ್ನೆ ಬರೆದ ಜುಲೈ ಓದಿನ ಕೆಳಗೆ ಅವನೇ ಎರಡು ಗೆರೆ ಎಳೆದು, ಆ ಮೂಲೆಯ ನಟ್ಟಿಗೆ ಸ್ಪ್ಯಾನರ್ ಹಾಕಿಟ್ಟು ನನಗಾಗಿ ಕಾಯುತ್ತಿದ್ದ.